‘ವಿಚಿತ್ರ ಕಾಯಿಲೆ’ ಅಂತ ಬರೆದವರು ನಾವೇ

ನಮ್ಮ ಹಳೇ ಫೈಲಿನಲ್ಲಿ ಒಂದು ಪೇಪರ್ ಕಟಿಂಗ್ ಇದೆ. ಒಳಪುಟದ ಸುದ್ದಿ. ಎರಡು ಕಾಲಂ, ಒಂದು ಫೋಟೊ. ಫೋಟೊದಲ್ಲಿ ಒಂಬತ್ತು ವರ್ಷದ ಹುಡುಗ ಮನೆ ಗೋಡೆಗೆ ಒರಗಿ ಕೂತಿದ್ದಾನೆ. ಬಲ ಮೊಣಕಾಲು ಊದಿ ತೆಂಗಿನಕಾಯಿಯಂತಾಗಿದೆ. ಮೇಲೆ ದಪ್ಪ ಅಕ್ಷರದ ಹೆಡ್ಡಿಂಗ್: ‘ವಿಚಿತ್ರ ಕಾಯಿಲೆಗೆ ತುತ್ತಾದ ಬಾಲಕ: ದಾನಿಗಳ ನೆರವಿಗೆ ಮೊರೆ’. ಕೆಳಗೆ ತಾಯಿಯ ಬ್ಯಾಂಕ್ ಖಾತೆ ನಂಬರು.

ಆ ಸುದ್ದಿ ಬರೆದವರು ನಾವೇ. ನಾವಂದರೆ, ಸುದ್ದಿಗಿಷ್ಟು ಅಂತ ದುಡ್ಡು ಪಡೆದು ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತುವ ಸ್ಟ್ರಿಂಗರ್‌ಗಳು. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅಂತ ಆರು ಪ್ರಶ್ನೆ ಕೇಳುವುದನ್ನು ಕಲಿತವರು. ಅವತ್ತು ಆ ಮನೆಯಲ್ಲಿ ನಾಲ್ಕನ್ನು ಕೇಳಿದೆವು. ‘ಯಾಕೆ’, ‘ಹೇಗೆ’ ಎರಡನ್ನೂ ಬಿಟ್ಟೆವು. ಬಿಟ್ಟ ಜಾಗದಲ್ಲಿ ‘ವಿಚಿತ್ರ’ ಅಂತ ಬರೆದೆವು.

ಜನ ಸ್ಪಂದಿಸಿದರು. ಹದಿನೈದು ದಿನದಲ್ಲಿ ಖಾತೆಗೆ 38,000 ರೂಪಾಯಿ ಬಂತು. ನಾವು ಬೀಗಿದೆವು. ‘ವರದಿ ಫಲಶ್ರುತಿ’ ಅಂತ ಇನ್ನೊಂದು ಸುದ್ದಿಯನ್ನೂ ಮಾಡಿದೆವು.

ಆ ದುಡ್ಡಿನಲ್ಲಿ ಮನೆಯವರು ಏನು ಮಾಡಿಸಿದರು ಗೊತ್ತಾ? ಮೊಣಕಾಲಿಗೆ ಎಣ್ಣೆ ಹಾಕಿ ತಿಕ್ಕಿಸಿದರು. ಬಿಸಿ ಶಾಖ ಕೊಡಿಸಿದರು. ನೋವು ಜಾಸ್ತಿ ಆಯ್ತು ಅಂತ ಕ್ಲಿನಿಕ್ಕಿಗೆ ಹೋಗಿ ಸೊಂಟಕ್ಕೆ ನೋವಿನ ಇಂಜೆಕ್ಷನ್ ಹಾಕಿಸಿದರು. ಸೂಜಿ ಚುಚ್ಚಿದ ಜಾಗವೂ ಊದಿ ನೀಲಿಗಟ್ಟಿತು. ಇವು ಮೂರೂ ಆ ಹುಡುಗನಿಗೆ ಮಾಡಲೇಬಾರದ ಕೆಲಸಗಳು. ಅದು ಅವರಿಗೆ ಗೊತ್ತಿರಲಿಲ್ಲ. ತಿಳಿಸಬೇಕಾಗಿದ್ದ ನಮಗೂ ಗೊತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಪಕ್ಕದ ತಾಲ್ಲೂಕಿನ ಲ್ಯಾಬ್ ಟೆಕ್ನಿಷಿಯನ್ ಒಬ್ಬರು ಫೋನ್ ಮಾಡಿದರು. “ಸರ್, ಆ ಹುಡುಗಂಗೆ ಎಪಿಟಿಟಿ ಮಾಡ್ಸಿದಾರಾ?” ಅಂದರು. ನಮಗೆ ಆ ನಾಲ್ಕು ಅಕ್ಷರವೇ ಹೊಸದು. ಅವರು ಇನ್ನೊಂದು ಕೇಳಿದರು: “ತಾಯಿ ಕಡೆ ಯಾರಾದ್ರೂ ಗಂಡು ಹುಡುಗ್ರು ಹಿಂಗೇ ರಕ್ತ ನಿಲ್ದೆ ತೀರ್ಕೊಂಡಿದಾರಾ?”

ನಮ್ಮ ಎದೆ ಧಸಕ್ಕೆಂದಿತು. ಅವತ್ತು ಹುಡುಗನ ಅಜ್ಜಿ, ತಾಯಿಯ ತಾಯಿ, ಬಾಗಿಲ ಬಳಿ ಕೂತು ಹೇಳಿದ್ದರು: “ನನ್ ಮಗನೂ ಹಿಂಗೇ ಇದ್ದ ಕಣಪ್ಪ. ಹಲ್ಲು ಕೀಳಿಸ್ಕಂಡು ಬಂದ, ರಕ್ತ ನಿಲ್ಲಲೇ ಇಲ್ಲ. ಹದಿನಾಲ್ಕು ವರ್ಷ ಆಗಿತ್ತು ಅವಂಗೆ.” ಸುದ್ದಿಗೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡು ನಾವು ಬರೆದುಕೊಂಡಿರಲಿಲ್ಲ. ಇಡೀ ಸುದ್ದಿ ಇದ್ದದ್ದೇ ಆ ಒಂದು ಮಾತಿನಲ್ಲಿ.

ಪರೀಕ್ಷೆ ಆಯ್ತು. ಹುಡುಗನ ರಕ್ತದಲ್ಲಿ 8ನೇ ಫ್ಯಾಕ್ಟರ್ ಇರಬೇಕಾದ್ದರಲ್ಲಿ ನೂರಕ್ಕೆ ಒಂದು ಪಾಲೂ ಇರಲಿಲ್ಲ. ಕಾಯಿಲೆಯ ಹೆಸರು ಹಿಮೊಫಿಲಿಯಾ ‘ಎ’. ಕನ್ನಡದಲ್ಲಿ ಕುಸುಮ ರೋಗ ಅಂತಾರೆ. ಹೆಸರಿದೆ, ಪರೀಕ್ಷೆ ಇದೆ, ಔಷಧಿ ಇದೆ. ವಿಚಿತ್ರ ಏನೂ ಇಲ್ಲ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಹಳ್ಳಿಯ ಇಂಥ ಮಕ್ಕಳ ಕಾಲು ಹೋಗುತ್ತಿರುವುದು ಕಾಯಿಲೆಯಿಂದಷ್ಟೇ ಅಲ್ಲ, ತಡದಿಂದ. ರಕ್ತದಲ್ಲಿ ಏನು ಕಡಿಮೆ ಇದೆ ಅಂತ ತಿಳಿಯುವುದು ತಡ. ತಿಳಿದ ಮೇಲೆ ಔಷಧಿ ಕೈಗೆ ಸಿಗುವುದು ತಡ. ಎರಡನ್ನೂ ತಾಲ್ಲೂಕು ಮಟ್ಟದಲ್ಲೇ ಸರಿಮಾಡಬಹುದು.

ಮೋಲ್ಡ್ ಹಾಕುವ ದಿನ ನೆನಪಿಸಿಕೊಳ್ಳಿ

ಕೈ ಕೊಯ್ದುಕೊಂಡರೆ ಸ್ವಲ್ಪ ಹೊತ್ತಿಗೆ ರಕ್ತ ತಾನಾಗಿಯೇ ನಿಲ್ಲುತ್ತದೆ. ಹೇಗೆ ಅಂತ ನಾವು ಯೋಚಿಸುವುದಿಲ್ಲ. ಅದು ತಾನಾಗಿ ನಿಲ್ಲುವುದಲ್ಲ. ದೇಹ ನಿಲ್ಲಿಸುತ್ತದೆ.

ಮೊದಲು ಕೊಯ್ದ ರಕ್ತನಾಳ ತನ್ನಷ್ಟಕ್ಕೆ ಬಿಗಿಯುತ್ತದೆ. ಆಮೇಲೆ ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಓಡಿಬಂದು ಬಿರುಕಿಗೆ ಅಂಟಿಕೊಳ್ಳುತ್ತವೆ. ಡೆಂಗಿ ಬಂದಾಗ ‘ಪ್ಲೇಟ್‌ಲೆಟ್ ಇಳಿದಿದೆ’ ಅಂತಾರಲ್ಲ, ಅದೇ. ಕೆರೆ ಏರಿ ಬಿರುಕು ಬಿಟ್ಟಾಗ ಮೊದಲು ಮರಳಿನ ಚೀಲ ಎಸೆಯುತ್ತೇವಲ್ಲ, ಹಾಗೆ. ಆದರೆ ಚೀಲ ಎಷ್ಟು ಹೊತ್ತು ತಡೆದೀತು? ಮೇಲೆ ಗಟ್ಟಿಯಾಗಿ ಏನಾದರೂ ಬೀಳಬೇಕು. ರಕ್ತದಲ್ಲಿ ಹಾಗೆ ಬೀಳುವುದು ಫೈಬ್ರಿನ್ ಎಂಬ ಎಳೆಗಳ ಬಲೆ.

ಆ ಬಲೆ ನೇಯಲು ಬೇಕಾದ ಆಳುಗಳೇ ಫ್ಯಾಕ್ಟರ್‌ಗಳು. ಇವು ರಕ್ತದಲ್ಲಿ ತೇಲಾಡುವ ಪ್ರೋಟೀನುಗಳು. ಹೆಚ್ಚಿನವು ಲಿವರ್‌ನಲ್ಲಿ ತಯಾರಾಗುತ್ತವೆ. ಇವಕ್ಕೆ 1ರಿಂದ 13ರವರೆಗೆ ನಂಬರು ಕೊಟ್ಟಿದ್ದಾರೆ. 6ನೇ ನಂಬರು ಮಾತ್ರ ಈಗ ಬಳಕೆಯಲ್ಲಿಲ್ಲ.

ಮನೆಗೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ಲ. ಕೆಳಗೆ ಮಿಕ್ಸರ್ ತಿರುಗುತ್ತಿರುತ್ತದೆ. ಅಲ್ಲಿಂದ ಮಾಳಿಗೆವರೆಗೆ ಆಳುಗಳು ಸಾಲಾಗಿ ನಿಂತಿರುತ್ತಾರೆ. ಬಾಂಡ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಏಣಿ ನಡುವೆ ನಿಲ್ಲಬೇಕಾದ ಒಬ್ಬ ಆಳು ಬರಲಿಲ್ಲ ಅಂದುಕೊಳ್ಳಿ. ಮಿಕ್ಸರ್ ತಿರುಗುತ್ತಲೇ ಇರುತ್ತದೆ. ಕೆಳಗಿನವರು ತುಂಬಿ ಕೊಡುತ್ತಲೇ ಇರುತ್ತಾರೆ. ಮೇಲೆ ಮೇಸ್ತ್ರಿ ಕರಣೆ ಹಿಡಿದು ಕಾಯುತ್ತಲೇ ಇರುತ್ತಾನೆ. ಆದರೆ ಮಾಳಿಗೆಗೆ ಕಾಂಕ್ರೀಟ್ ತಲುಪುವುದಿಲ್ಲ.

ಫ್ಯಾಕ್ಟರ್ ಕೊರತೆ ಅಂದರೆ ಇಷ್ಟೇ. ಉಳಿದ ಎಲ್ಲ ಆಳುಗಳೂ ಬಂದಿದ್ದಾರೆ. ಒಬ್ಬ ಇಲ್ಲ. ಬಲೆ ನೇಯುವ ಕೆಲಸ ಅಲ್ಲಿಗೇ ನಿಲ್ಲುತ್ತದೆ.

8ನೇ ಫ್ಯಾಕ್ಟರ್ ಕಡಿಮೆ ಇದ್ದರೆ ಹಿಮೊಫಿಲಿಯಾ ‘ಎ’. ಹೆಚ್ಚು ಕಾಣುವುದು ಇದೇ. ಸುಮಾರು 5,000 ಗಂಡು ಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ. 9ನೇ ಫ್ಯಾಕ್ಟರ್ ಕಡಿಮೆ ಇದ್ದರೆ ಹಿಮೊಫಿಲಿಯಾ ‘ಬಿ’. ಇದು ಇನ್ನೂ ಅಪರೂಪ. 8 ಮತ್ತು 9 ಜೋಡೆತ್ತಿನ ಹಾಗೆ. ಇಬ್ಬರೂ ಸೇರಿಯೇ 10ನೇ ಫ್ಯಾಕ್ಟರನ್ನು ಕೆಲಸಕ್ಕೆ ಎಬ್ಬಿಸುವುದು. ಎಡದ ಎತ್ತು ಮಲಗಿದರೂ, ಬಲದ ಎತ್ತು ಮಲಗಿದರೂ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಎರಡೂ ಕಾಯಿಲೆ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಔಷಧಿ ಮಾತ್ರ ಬೇರೆ ಬೇರೆ. 8 ಇಲ್ಲದವನಿಗೆ 9 ಕೊಟ್ಟರೆ ಪ್ರಯೋಜನ ಇಲ್ಲ. ಯಾವ ನಂಬರು ಅಂತ ಪರೀಕ್ಷೆಯಲ್ಲಿ ತಿಳಿಯಲೇಬೇಕು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸೋಣ. ‘ಸಣ್ಣ ಗಾಯ ಆದರೂ ರಕ್ತ ಬುಳುಬುಳು ಹರಿದು ಸತ್ತೇ ಹೋಗ್ತಾರೆ’ ಅಂತ ಜನ ಹೇಳುತ್ತಾರೆ. ಹಾಗಲ್ಲ. ರಕ್ತ ಜೋರಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ. ಪ್ಲೇಟ್‌ಲೆಟ್ ಸರಿ ಇರುವುದರಿಂದ ಸಣ್ಣ ತರಚು ಗಾಯ ಒತ್ತಿ ಹಿಡಿದರೆ ನಿಲ್ಲುತ್ತದೆ. ನಿಜವಾದ ಅಪಾಯ ಇರುವುದು ಕಣ್ಣಿಗೆ ಕಾಣದ ಕಡೆ. ಮೊಣಕಾಲು, ಹಿಮ್ಮಡಿ ಗಂಟು, ಮೊಣಕೈ ಒಳಗೆ ರಕ್ತ ಇಳಿಯುತ್ತದೆ. ಒಂದೇ ಕೀಲಿಗೆ ಮತ್ತೆ ಮತ್ತೆ ಇಳಿದರೆ ಒಳಗಿನ ಪೊರೆ ಊದಿಕೊಂಡು, ಮೃದು ಎಲುಬು ಸವೆದು, ಕೀಲು ಹಿಡಿದುಕೊಳ್ಳುತ್ತದೆ. ತಲೆಯೊಳಗೆ ಇಳಿದರೆ ಜೀವಕ್ಕೇ ಕುತ್ತು.

ಎಲ್ಲರಿಗೂ ಒಂದೇ ತೀವ್ರತೆ ಇರುವುದಿಲ್ಲ. ಫ್ಯಾಕ್ಟರ್ ನೂರಕ್ಕೆ 1ಕ್ಕಿಂತ ಕಡಿಮೆ ಇದ್ದರೆ ತೀವ್ರ. ಇವರಿಗೆ ಪೆಟ್ಟು ಬೀಳದಿದ್ದರೂ ಒಳಗೆ ರಕ್ತ ಇಳಿಯಬಹುದು. 1ರಿಂದ 5 ಇದ್ದರೆ ಮಧ್ಯಮ. 5ರಿಂದ 40 ಇದ್ದರೆ ಸೌಮ್ಯ. ಸೌಮ್ಯ ಇರುವವರಿಗೆ ಹಲ್ಲು ಕೀಳಿಸಿದಾಗಲೋ ಆಪರೇಷನ್ ಆದಾಗಲೋ ಮೊದಲ ಸಲ ಗೊತ್ತಾಗುವುದುಂಟು.

ಬೇರೆ ನಂಬರುಗಳ ಕಥೆ

8 ಮತ್ತು 9 ಮಾತ್ರ ಅಲ್ಲ. 13ನೇ ಫ್ಯಾಕ್ಟರ್ ಕೊರತೆ ತೀರಾ ಅಪರೂಪ, ಆದರೆ ಬಾಣಂತಿ ಇರುವ ಮನೆಯವರು ತಿಳಿದಿರಬೇಕು. ಈ ಫ್ಯಾಕ್ಟರ್ ಮಾಡುವುದು ಕ್ಯೂರಿಂಗ್ ಕೆಲಸ. ಮೋಲ್ಡ್ ಹಾಕಿದ ಮೇಲೆ ನೀರು ಕಟ್ಟದಿದ್ದರೆ ಅವತ್ತು ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಹಾಗೆಯೇ 13 ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟುತ್ತದೆ, ಆದರೆ ಹೆಪ್ಪು ಗಟ್ಟಿಯಾಗಿ ನಿಲ್ಲುವುದಿಲ್ಲ. ಮಗುವಿನ ಹೊಕ್ಕುಳಿಂದ ದಿನಗಟ್ಟಲೆ ರಕ್ತ ಜಿನುಗುವುದು ಇದರ ಮುಖ್ಯ ಲಕ್ಷಣ. ಮಾಮೂಲಿ ಹೆಪ್ಪು ಪರೀಕ್ಷೆಗಳಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಬೇರೆಯದೇ ಪರೀಕ್ಷೆ ಬೇಕು. ರಿಪೋರ್ಟ್ ನಾರ್ಮಲ್ ಬಂತು ಅಂತ ಹೊಕ್ಕುಳ ರಕ್ತವನ್ನು ಕಡೆಗಣಿಸಬೇಡಿ.

ಹೆಣ್ಣು ಮಕ್ಕಳಿಗೆ ಹೆಚ್ಚು ಸಂಬಂಧಪಟ್ಟದ್ದು ವಾನ್ ವಿಲೆಬ್ರಾಂಡ್ ಕಾಯಿಲೆ. 1926ರಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲೆಬ್ರಾಂಡ್ ಇದನ್ನು ಮೊದಲು ವಿವರಿಸಿದರು. ಪ್ಲೇಟ್‌ಲೆಟ್ಟನ್ನು ಗಾಯಕ್ಕೆ ಅಂಟಿಸುವ ಗೋಂದಿನಂಥ ಪ್ರೋಟೀನು ಇಲ್ಲಿ ಕಡಿಮೆ ಇರುತ್ತದೆ ಅಥವಾ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಂಡಿಗೂ ಹೆಣ್ಣಿಗೂ ಬರುತ್ತದೆ. ಮುಟ್ಟಿನಲ್ಲಿ ಏಳು ದಿನ ದಾಟಿದರೂ ರಕ್ತ ನಿಲ್ಲುವುದಿಲ್ಲ, ಗಂಟೆ ಗಂಟೆಗೂ ಬಟ್ಟೆ ಬದಲಿಸಬೇಕಾಗುತ್ತದೆ. ‘ನಮ್ಮಮ್ಮನಿಗೂ ಹೀಗೇ ಇತ್ತು’ ಅಂತ ಸುಮ್ಮನಾಗುವ ಮನೆಗಳಲ್ಲೇ ಇದು ಇರಬಹುದು. ಯಾಕಂದರೆ ಅದು ಅಮ್ಮನಿಂದಲೇ ಬಂದಿರಬಹುದು.

ಫ್ಯಾಕ್ಟರ್ ಕೊರತೆ ಹುಟ್ಟಿನಿಂದಲೇ ಬರಬೇಕೆಂದೂ ಇಲ್ಲ. ಕೊಳಕುಮಂಡಲ ಕಚ್ಚಿದವರಿಗೆ ಒಸಡಿನಲ್ಲಿ, ಮೂತ್ರದಲ್ಲಿ ರಕ್ತ ಬರುವುದನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ಆ ಹಾವಿನ ವಿಷ ಫ್ಯಾಕ್ಟರ್‌ಗಳನ್ನು ಸುಮ್ಮಸುಮ್ಮನೆ ಕೆಲಸಕ್ಕೆ ಎಬ್ಬಿಸಿ ಖಾಲಿ ಮಾಡಿಬಿಡುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ ಹಾಕಿ 20 ನಿಮಿಷ ಬಿಟ್ಟು ವಾಲಿಸಿ ನೋಡುವುದು. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಅಂತ ಅರ್ಥ. ಅದಕ್ಕೆ ಔಷಧಿ ಹಾವಿನ ವಿಷದ ಇಂಜೆಕ್ಷನ್ನೇ. ಹೀಗೆ ರಕ್ತ ಹೆಪ್ಪುಗಟ್ಟದ ಸಂಗತಿ ನಮ್ಮ ಹಳ್ಳಿಗೆ ಹೊಸದೇನಲ್ಲ. ಹಾವು ಕಚ್ಚಿದವನಿಗೆ ‘ವಿಚಿತ್ರ ಕಾಯಿಲೆ’ ಅಂತ ಯಾರೂ ಬರೆಯುವುದಿಲ್ಲ. ಹುಡುಗನಿಗೆ ಮಾತ್ರ ಬರೆದೆವು.

ಸೊಸೆಯ ಕಾಲ್ಗುಣ ಅಲ್ಲ

ಆ ಮನೆಯಲ್ಲಿ ನಾವು ಕೇಳಿಸಿಕೊಂಡ ಇನ್ನೊಂದು ಮಾತು ಇದೆ. ತಂದೆಯ ಕಡೆಯ ಅಜ್ಜಿ ಅಂದರು: “ನಮ್ ವಂಶದಾಗೆ ಯಾರಿಗೂ ಇಲ್ಲ. ಇವಳು ಬಂದ ಮೇಲೆ ಬಂತು.” ಸೊಸೆ ತಲೆ ಬಗ್ಗಿಸಿ ಒಲೆ ಕಡೆ ತಿರುಗಿದಳು. ಪರೀಕ್ಷೆ ಆದ ಮೇಲೆ ಆ ಮಾತು ಇನ್ನೂ ಜೋರಾಯಿತು. ‘ತಾಯಿ ಕಡೆಯಿಂದ ಬರೋ ಕಾಯಿಲೆ’ ಅಂತ ಡಾಕ್ಟರೇ ಹೇಳಿದರಲ್ಲ!

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. 8 ಮತ್ತು 9ನೇ ಫ್ಯಾಕ್ಟರ್ ಮಾಡುವ ಸೂಚನೆ ಎಕ್ಸ್ ಎಂಬ ವರ್ಣತಂತುವಿನಲ್ಲಿರುತ್ತದೆ. ಹೆಣ್ಣಿಗೆ ಎಕ್ಸ್ ಎರಡು. ಗಂಡಿಗೆ ಒಂದು ಎಕ್ಸ್, ಒಂದು ವೈ. ಹೆಣ್ಣಿನ ಒಂದು ಎಕ್ಸ್‌ನಲ್ಲಿ ದೋಷ ಇದ್ದರೆ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಗಂಡಿಗೆ ಇರುವುದೇ ಒಂದು, ಅದು ಕೆಟ್ಟರೆ ಬದಲಿ ಇಲ್ಲ.

ದೋಷ ಹೊತ್ತ ತಾಯಿಗೆ ಹುಟ್ಟುವ ಪ್ರತಿ ಗಂಡು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಪ್ರತಿ ಹೆಣ್ಣು ಮಗು ವಾಹಕಿಯಾಗುವ ಸಾಧ್ಯತೆಯೂ ಅರ್ಧಕ್ಕರ್ಧ. ಕಾಯಿಲೆ ಇರುವ ತಂದೆಯಿಂದ ಗಂಡು ಮಕ್ಕಳಿಗೆ ಬರುವುದಿಲ್ಲ, ಹೆಣ್ಣು ಮಕ್ಕಳೆಲ್ಲ ವಾಹಕಿಯರಾಗುತ್ತಾರೆ. ವಾಹಕಿ ಅಂದ ಮಾತ್ರಕ್ಕೆ ಆಕೆಗೆ ತೊಂದರೆಯೇ ಇಲ್ಲ ಅಂತಲೂ ಅಲ್ಲ. ಕೆಲವರಲ್ಲಿ ಫ್ಯಾಕ್ಟರ್ ಕಡಿಮೆಯೇ ಇದ್ದು ಮುಟ್ಟು, ಹೆರಿಗೆ ಸಮಯದಲ್ಲಿ ರಕ್ತ ಹೆಚ್ಚು ಹೋಗುತ್ತದೆ. ಹೆರಿಗೆಗೆ ಮುಂಚೆಯೇ ಡಾಕ್ಟರಿಗೆ ಹೇಳಬೇಕು.

ಇನ್ನೊಂದು ಮುಖ್ಯ ಮಾತು. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ವಂಶದಲ್ಲಿ ಯಾರಿಗೂ ಇರುವುದಿಲ್ಲ. ಆ ಜೀವಕೋಶದಲ್ಲಿ ಹೊಸದಾಗಿ ಆದ ಬದಲಾವಣೆ ಅದು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಗೆ ಹಿಂದಿನ ವಂಶದಲ್ಲಿ ಇದು ಕಂಡಿರಲಿಲ್ಲ. ಆಕೆಯ ಮಗ ಲಿಯೊಪೋಲ್ಡ್ 1884ರಲ್ಲಿ ಜಾರಿಬಿದ್ದು ತೀರಿಕೊಂಡ. ಆಕೆಯ ಹೆಣ್ಣು ಸಂತಾನದ ಮೂಲಕ ರಷ್ಯಾದ ರಾಜಕುಮಾರ ಅಲೆಕ್ಸಿಯವರೆಗೂ ಕಾಯಿಲೆ ಹೋಯಿತು. ಅರಮನೆಗೂ ಬಂತು, ಗುಡಿಸಲಿಗೂ ಬರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಯಾವ ಎಕ್ಸ್ ಕೊಡಬೇಕು ಅಂತ ಯಾವ ತಾಯಿಯೂ ಆರಿಸುವುದಿಲ್ಲ. ಇದರಲ್ಲಿ ತಪ್ಪು ಎಲ್ಲಿದೆ?

‘ಸಂಬಂಧದಲ್ಲಿ ಮದುವೆ ಆಗಿದ್ದಕ್ಕೇ ಹೀಗಾಯ್ತು’ ಅಂತಲೂ ಹೇಳುತ್ತಾರೆ. ಇದರಲ್ಲಿ ಅರ್ಧ ಸತ್ಯ ಇದೆ. ಗಂಡು ಮಕ್ಕಳಿಗೆ ಬರುವ 8, 9ರ ಕೊರತೆಗೆ ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆ ಆದದ್ದು ಕಾರಣ ಅಲ್ಲ. ತಾಯಿ ವಾಹಕಿಯಾಗಿದ್ದರೆ ದೂರದ ಊರಿನ ಗಂಡನ್ನು ಮದುವೆಯಾದರೂ ಲೆಕ್ಕ ಅಷ್ಟೇ. ಆದರೆ 5, 7, 10, 13ರಂಥ ಅಪರೂಪದ ಕೊರತೆಗಳು ಬೇರೆ. ಅಲ್ಲಿ ತಂದೆ, ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಮಗುವಿಗೆ ತೀವ್ರ ಕಾಯಿಲೆ. ಒಂದೇ ರಕ್ತಸಂಬಂಧದವರಲ್ಲಿ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸಂಬಂಧದ ಮದುವೆ ಬಗ್ಗೆ ಯೋಚಿಸುವವರು ಈ ಲೆಕ್ಕ ನೋಡಲಿ. ಆದರೆ ಆ ನೆಪದಲ್ಲಿ ಸೊಸೆಯನ್ನು ಬೈಯುವುದು ಬೇಡ.

ಮನೆಯಲ್ಲಿ ಗಮನಿಸಬೇಕಾದ್ದು

ಅಂಬೆಗಾಲಿಡುವ ಮಗುವಿನ ಮೈಮೇಲೆ ಪೆಟ್ಟಿಲ್ಲದೆ ನೀಲಿ ಗಂಟು ಏಳುತ್ತಿದ್ದರೆ, ಚುಚ್ಚುಮದ್ದು ಹಾಕಿದ ಜಾಗ ವಿಪರೀತ ಊದಿದರೆ, ಹಾಲುಹಲ್ಲು ಬಿದ್ದಾಗ ದಿನಗಟ್ಟಲೆ ರಕ್ತ ಬಂದರೆ, ಮೊಣಕಾಲು ಇದ್ದಕ್ಕಿದ್ದಂತೆ ಬಿಸಿಯಾಗಿ ಊದಿದರೆ ಡಾಕ್ಟರ ಹತ್ತಿರ ಎರಡು ಪರೀಕ್ಷೆ ಕೇಳಿ: ಪಿಟಿ ಮತ್ತು ಎಪಿಟಿಟಿ. ಹಿಮೊಫಿಲಿಯಾದಲ್ಲಿ ಸಾಮಾನ್ಯವಾಗಿ ಪಿಟಿ ಸರಿ ಇರುತ್ತದೆ, ಪ್ಲೇಟ್‌ಲೆಟ್ಟೂ ಸರಿ ಇರುತ್ತದೆ, ಎಪಿಟಿಟಿ ಮಾತ್ರ ಹೆಚ್ಚು ಸೆಕೆಂಡ್ ತೋರಿಸುತ್ತದೆ. ಹಾಗೆ ಬಂದರೆ ಯಾವ ಫ್ಯಾಕ್ಟರ್ ಎಷ್ಟಿದೆ ಅಂತ ಮುಂದಿನ ಪರೀಕ್ಷೆ. ಸೌಮ್ಯ ಕೊರತೆ ಇದ್ದರೆ ಎಪಿಟಿಟಿಯೂ ನಾರ್ಮಲ್ ಬರಬಹುದು. ಅದಕ್ಕೇ ಮನೆತನದ ಕಥೆಯನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ಸಣ್ಣ ವಯಸ್ಸಿನಲ್ಲಿ ತೀರಿಕೊಂಡ ಮಾವನ ವಿಷಯ ಮರೆಯಬೇಡಿ.

ಕೀಲಿಗೆ ರಕ್ತ ಇಳಿದಾಗ ಕಾಲಿಗೆ ವಿಶ್ರಾಂತಿ ಕೊಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಕ್ರೇಪ್ ಬ್ಯಾಂಡೇಜನ್ನು ಹದವಾಗಿ ಕಟ್ಟಿ ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಇಷ್ಟು ಮಾಡುತ್ತಲೇ ಆಸ್ಪತ್ರೆಗೆ ಹೊರಡಿ.

ಎಣ್ಣೆ ತಿಕ್ಕಬೇಡಿ. ಶಾಖ ಕೊಡಬೇಡಿ. ಸೊಂಟಕ್ಕೆ, ತೋಳಿಗೆ ಮಾಂಸಖಂಡದ ಇಂಜೆಕ್ಷನ್ ಬೇಡ. ಆಸ್ಪಿರಿನ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ರಕ್ತಸ್ರಾವವನ್ನು ಹೆಚ್ಚಿಸುತ್ತವೆ, ಅಂಗಡಿಯಿಂದ ತಂದು ನುಂಗಿಸಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ. ಲಸಿಕೆ ಬಿಡಬೇಡಿ, ಕಾಯಿಲೆ ಇದೆ ಅಂತ ನರ್ಸಿಗೆ ಮೊದಲೇ ಹೇಳಿ. ಸಣ್ಣ ಸೂಜಿಯಲ್ಲಿ ಹಾಕಿ ಆಮೇಲೆ ಹೆಚ್ಚು ಹೊತ್ತು ಒತ್ತಿ ಹಿಡಿಯುತ್ತಾರೆ.

ತಲೆಗೆ ಪೆಟ್ಟು ಬಿದ್ದರೆ ‘ಏನೂ ಆಗಿಲ್ಲ, ಆಡ್ತಿದಾನೆ’ ಅಂತ ಕಾಯಬೇಡಿ. ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್.

ಫ್ರಿಡ್ಜಿನಲ್ಲಿ ಎರಡು ಸೀಸೆ

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಔಷಧಿ ಅಂದರೆ ಇಲ್ಲದ ಫ್ಯಾಕ್ಟರನ್ನೇ ನರಕ್ಕೆ ಕೊಡುವುದು. ಬಾರದ ಆಳಿಗೆ ಬದಲಿ ಆಳು ಕಳಿಸಿದ ಹಾಗೆ. ಆದರೆ ಈ ಆಳು ಬಹಳ ಹೊತ್ತು ನಿಲ್ಲುವುದಿಲ್ಲ. ಕೊಟ್ಟ 8ನೇ ಫ್ಯಾಕ್ಟರ್ 8ರಿಂದ 12 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಕೆಜಿ ತೂಕಕ್ಕೆ 1 ಯೂನಿಟ್ ಕೊಟ್ಟರೆ 8ನೇ ಫ್ಯಾಕ್ಟರ್ ನೂರಕ್ಕೆ ಸುಮಾರು 2ರಷ್ಟು ಏರುತ್ತದೆ. 20 ಕೆಜಿ ತೂಕದ ಹುಡುಗನಿಗೆ 40ರಷ್ಟು ಏರಿಸಬೇಕೆಂದರೆ 400 ಯೂನಿಟ್ ಬೇಕು. ಸೀಸೆಗಳು 250, 500 ಯೂನಿಟ್‌ನಲ್ಲಿ ಬರುತ್ತವೆ. ಅಂದರೆ ಎರಡು ಸಣ್ಣ ಸೀಸೆ. ಫ್ರಿಡ್ಜಿನಲ್ಲಿ ಲಸಿಕೆ ಇಡುವ ಹಾಗೆ 2ರಿಂದ 8 ಡಿಗ್ರಿಯಲ್ಲಿ ಇಡಬಹುದು. ಲಸಿಕೆಗೆ ಫ್ರಿಡ್ಜ್ ಇಲ್ಲದ ತಾಲ್ಲೂಕು ಆಸ್ಪತ್ರೆ ಇದೆಯೇ?

ನಮ್ಮ ರಾಜ್ಯದ ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಇದು ದೊಡ್ಡ ಕೆಲಸ, ಒಪ್ಪುತ್ತೇವೆ. ಇದು ಸುಮ್ಮನೆ ಬಂದದ್ದೂ ಅಲ್ಲ. ದಾವಣಗೆರೆಯಲ್ಲಿ ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ಕಟ್ಟಿದ ಡಾ. ಸುರೇಶ್ ಹನಗವಾಡಿ ತಾವೇ ಹಿಮೊಫಿಲಿಯಾ ಇರುವವರು, ವೈದ್ಯರೂ ಹೌದು. ಇಂಥವರು ವರ್ಷಗಟ್ಟಲೆ ಕೂಗಿ ಹೇಳಿದ್ದರಿಂದಲೇ ಈ ಕಾಯಿಲೆಯ ಹೆಸರು ನಮ್ಮ ಕಡೆ ಕೇಳಿಬಂತು.

ಆದರೆ ಕೀಲಿಗೆ ರಕ್ತ ಇಳಿಯಲು ಶುರುವಾದ 2 ಗಂಟೆಯೊಳಗೆ ಫ್ಯಾಕ್ಟರ್ ಬಿದ್ದರೆ ಒಳ್ಳೆಯದು ಅಂತ ವೈದ್ಯರು ಹೇಳುತ್ತಾರೆ. ನಮ್ಮ ಹುಡುಗನ ಊರಿಗೆ ಬಸ್ಸು ದಿನಕ್ಕೆ ಮೂರು. ರಾತ್ರಿ ಎಂಟಕ್ಕೆ ಮೊಣಕಾಲು ಊದಿದರೆ ಬೆಳಗ್ಗೆ ಏಳರ ಬಸ್ಸು, ಅಲ್ಲಿಂದ ತಾಲ್ಲೂಕು, ಅಲ್ಲಿಂದ ಜಿಲ್ಲೆ, ಚೀಟಿ, ಕ್ಯೂ. ಸೂಜಿ ಬೀಳುವಾಗ ಮಧ್ಯಾಹ್ನ. ಅಷ್ಟರಲ್ಲಿ ಹದಿನಾರು ಗಂಟೆ ರಕ್ತ ಕೀಲಿನೊಳಗೆ ಇಳಿದಿರುತ್ತದೆ. ತಾಯಿಯ ಒಂದು ದಿನದ ಕೂಲಿಯೂ ಹೋಗಿರುತ್ತದೆ. ಹೀಗಾಗಿ ಮುಂದಿನ ಸಲ ‘ನೋಡೋಣ, ಇಳೀಬಹುದು’ ಅಂತ ಕಾಯುತ್ತಾರೆ. ಮೊಣಕಾಲು ಬಗ್ಗಿ ಹೋಗುವುದು ಹೀಗೆ.

‘ತಾಲ್ಲೂಕಿಗೆ ನಾಲ್ಕೈದು ಜನ ಇರಬಹುದು, ಅವರಿಗಾಗಿ ದುಬಾರಿ ಔಷಧಿ ಇಟ್ಟು ಅವಧಿ ಮುಗಿದರೆ ನಷ್ಟ ಅಲ್ಲವೇ?’ ಅಂತ ಒಬ್ಬ ಅಧಿಕಾರಿ ನಮ್ಮನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ದಾರಿಯೂ ಇದೆ. ಅವಧಿ ಹತ್ತಿರ ಬಂದ ಸೀಸೆಯನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿ ಹೊಸದನ್ನು ತರಿಸಿಕೊಳ್ಳಬಹುದು. ಅಲ್ಲಿ ದಿನವೂ ಬಳಕೆ ಇರುವುದರಿಂದ ಹಾಳಾಗುವುದಿಲ್ಲ. ಹಾವಿನ ವಿಷದ ಔಷಧಿಯನ್ನು ‘ಇವತ್ತು ಯಾರಿಗೂ ಕಚ್ಚಿಲ್ಲ’ ಅಂತ ತೆಗೆದುಹಾಕುತ್ತೇವೆಯೇ? ಯಾವತ್ತೋ ಬರುವವನಿಗಾಗಿಯೇ ಇಡುವುದು.

ಆದ್ದರಿಂದ ನಮ್ಮ ಒತ್ತಾಯ ಮೂರು. ಪ್ರತಿ ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಪಿಟಿ, ಎಪಿಟಿಟಿ ಆಗಬೇಕು. ಆ ತಾಲ್ಲೂಕಿನ ನೋಂದಾಯಿತ ಮಕ್ಕಳಿಗೆ ಬೇಕಾದ ನಂಬರಿನ ಫ್ಯಾಕ್ಟರ್ ತುರ್ತಿಗೆ ಆಗುವಷ್ಟು ಅಲ್ಲಿ ಇರಬೇಕು, ಕೊಡಲು ಬರುವ ಒಬ್ಬ ನರ್ಸ್ ಇರಬೇಕು. ಆಶಾ ಕಾರ್ಯಕರ್ತೆಯರು ಬಸುರಿಯರನ್ನು ಮಾತಾಡಿಸುವಾಗ ಒಂದು ಪ್ರಶ್ನೆ ಹೆಚ್ಚಿಗೆ ಕೇಳಬೇಕು: “ನಿಮ್ಮ ತವರಲ್ಲಿ ರಕ್ತ ನಿಲ್ಲದೆ ಯಾರಿಗಾದರೂ ತೊಂದರೆ ಆಗಿತ್ತಾ?”

ಹೊಸ ಔಷಧಿಗಳೂ ಬರುತ್ತಿವೆ. ಹಿಮೊಫಿಲಿಯಾ ‘ಎ’ಗೆ ಚರ್ಮದ ಕೆಳಗೆ ಕೊಡುವ ಎಮಿಸಿಜುಮ್ಯಾಬ್ ಎಂಬ ಇಂಜೆಕ್ಷನ್ ಇದೆ. ವಾರಕ್ಕೋ ತಿಂಗಳಿಗೋ ಒಮ್ಮೆ ಕೊಟ್ಟು ರಕ್ತಸ್ರಾವ ಆಗದಂತೆ ತಡೆಯಬಹುದು. ಬೆಲೆ ಮಾತ್ರ ನಮ್ಮ ಕೈಗೆಟುಕುವುದಲ್ಲ. ತಮಿಳುನಾಡಿನ ವೆಲ್ಲೂರಿನ ಸಿಎಂಸಿಯಲ್ಲಿ ತೀವ್ರ ಹಿಮೊಫಿಲಿಯಾ ‘ಎ’ ಇರುವ ಐದು ಮಂದಿಗೆ ಜೀನ್ ಚಿಕಿತ್ಸೆ ಕೊಟ್ಟು ಒಳ್ಳೆಯ ಫಲ ಕಂಡ ವರದಿ 2024ರಲ್ಲಿ ಪ್ರಕಟವಾಯಿತು. ಸಂತೋಷ. ಆದರೆ ವೆಲ್ಲೂರಿನ ಸುದ್ದಿ ಓದಿ ಖುಷಿಪಡುವ ನಾವು ನಮ್ಮ ತಾಲ್ಲೂಕಿನ ಫ್ರಿಡ್ಜಿನಲ್ಲಿ ಸೀಸೆ ಇದೆಯೇ ಅಂತಲೂ ಕೇಳಬೇಕು.

ಗೊತ್ತಿಲ್ಲದವರಿಗೆ ಇನ್ನೊಂದು ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಹಿಮೊಫಿಲಿಯಾ ಸೇರಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಇದು ಹಕ್ಕು. ದಾನಿಗಳ ನೆರವಿಗೆ ಮೊರೆ ಇಡುವ ಮೊದಲು ಕೇಳಬೇಕಾದ್ದು ಇದನ್ನೇ.

ಇದು ನಮ್ಮ ತಿದ್ದುಪಡಿ

ಹಳ್ಳಿಯಿಂದ ಸುದ್ದಿ ಬರೆಯುವ ಗೆಳೆಯರಿಗೆ ಒಂದು ಮಾತು. ‘ವಿಚಿತ್ರ ಕಾಯಿಲೆ’ ಅಂತ ಬರೆಯುವ ಮೊದಲು ಒಬ್ಬ ಡಾಕ್ಟರಿಗೆ ಒಂದು ಫೋನ್ ಮಾಡೋಣ. ಖಾತೆ ನಂಬರು ಹಾಕುವ ಮೊದಲು ಆ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆಯೇ ಅಂತ ವಿಚಾರಿಸೋಣ. ಅಜ್ಜಿ ಹೇಳಿದ್ದನ್ನು ಬರೆದುಕೊಳ್ಳೋಣ.

ಆ ಹುಡುಗನಿಗೆ ಈಗ ಹದಿಮೂರು. ಎಂಟನೇ ಕ್ಲಾಸು. ಫ್ಯಾಕ್ಟರ್ ಸಿಗುತ್ತಿದೆ, ವ್ಯಾಯಾಮ ಮಾಡಿಸುತ್ತಿದ್ದಾರೆ. ಆದರೂ ಬಲ ಮೊಣಕಾಲು ಪೂರ್ತಿ ನೆಟ್ಟಗಾಗುವುದಿಲ್ಲ. ಕೂತು ಎದ್ದರೆ ಕಟಕಟ ಅನ್ನುತ್ತದೆ. ಅದರಲ್ಲಿ ಎಷ್ಟು ಪಾಲು ಕಾಯಿಲೆಯದು, ಎಷ್ಟು ಪಾಲು ನಮ್ಮ ದುಡ್ಡಿನ ಎಣ್ಣೆಯದು ಅಂತ ಬೇರೆ ಮಾಡಿ ಹೇಳಲಾಗುವುದಿಲ್ಲ.

ಹೋದ ವರ್ಷ ಅವನ ಚಿಕ್ಕಮ್ಮನಿಗೆ ಗಂಡು ಮಗು ಆಯಿತು. ಈ ಸಲ ಅಜ್ಜಿಯೇ ಹಠ ಹಿಡಿದು ರಕ್ತ ಪರೀಕ್ಷೆ ಮಾಡಿಸಿದರು. ಆ ಮಗುವಿಗೂ 8ನೇ ಫ್ಯಾಕ್ಟರ್ ಇಲ್ಲ. ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ. ನೆಲಕ್ಕೆ ಕೌದಿ ಹಾಸಿದ್ದಾರೆ. ಜಿಲ್ಲಾ ಆಸ್ಪತ್ರೆಯ ಪುಸ್ತಕ ದೇವರ ಗೂಡಿನ ಪಕ್ಕದಲ್ಲಿದೆ. ಮೊನ್ನೆ ನಾವು ಹೋದಾಗ ಮಗು ಗೋಡೆ ಹಿಡಿದು ನಿಲ್ಲುತ್ತಿತ್ತು. ತಾಯಿ ನಮ್ಮ ಕೈಯಲ್ಲಿ ಮೊಬೈಲ್ ನೋಡಿ, “ಅಣ್ಣಾ, ಫೋಟೊ ಗೀಟೊ ಹಾಕ್‌ಬ್ಯಾಡ್ರಿ ಮತ್ತೆ” ಅಂದಳು.

ಹಾಕಲಿಲ್ಲ. ಆ ಮಗುವಿನ ಮೊಣಕಾಲು ಎರಡೂ ನೆಟ್ಟಗಿವೆ. ತಾಲ್ಲೂಕು ಆಸ್ಪತ್ರೆಯ ಫ್ರಿಡ್ಜಿನಲ್ಲಿ ಸೀಸೆ ಬಂದರೆ ನೆಟ್ಟಗೇ ಉಳಿಯುತ್ತವೆ.